.30-06 ಕೇಸಿನಿಂದ 8 ಎಂಎಂ ಮೌಸರ್ ತೋಟಾ: ಹಿತ್ತಾಳೆ ತಿದ್ದುವುದರಿಂದ ರೇಂಜ್ ಪರೀಕ್ಷೆಯವರೆಗೆ

ಹಳೆಯ ಮೌಸರ್ ರೈಫಲ್ ಇರುವವರಿಗೆ ಮೊದಲ ತೊಂದರೆ ತೋಟಾದ್ದು. ಅಮೆರಿಕದ ಅಂಗಡಿಗಳಲ್ಲಿ 8×57 ತೋಟಾ (8 ಎಂಎಂ ಮೌಸರ್ ತೋಟಾದ ಇನ್ನೊಂದು ಹೆಸರು) ಒಮ್ಮೆ ಸಿಗುತ್ತದೆ, ಇನ್ನೊಮ್ಮೆ ಸಿಗುವುದಿಲ್ಲ. ಹಳೆಯ ಸೇನಾ ದಾಸ್ತಾನಿನಿಂದ ಬಂದ ತೋಟಾಗಳಲ್ಲಿ ಹೆಚ್ಚಿನವು ಬರ್ಡನ್ ಎಂಬ ಬಗೆಯ ಪ್ರೈಮರಿನವು (ಮದ್ದಿಗೆ ಕಿಡಿ ಹೊತ್ತಿಸುವ, ಬುಡದಲ್ಲಿರುವ ಸಣ್ಣ ಬಟ್ಟಲೇ ಪ್ರೈಮರ್). ಅವುಗಳ ಬುಡದಲ್ಲಿ ನಡುವೆ ಒಂದೇ ತೂತಿರುವುದಿಲ್ಲ, ಪಕ್ಕಪಕ್ಕ ಎರಡು ಸಣ್ಣ ತೂತುಗಳಿರುತ್ತವೆ. ಮಾಮೂಲಿ ಡೈಯ (ಕೇಸನ್ನು, ಅಂದರೆ ತೋಟಾದ ಹಿತ್ತಾಳೆ ಕವಚವನ್ನು, ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚು) ಪಿನ್ನಿಂದ ಆ ಪ್ರೈಮರ್ ಹೊರಗೆ ಬರುವುದಿಲ್ಲ. ಹಾಗಾಗಿ ಒಮ್ಮೆ ಹೊಡೆದ ಮೇಲೆ ಆ ಕೇಸ್ ಗುಜರಿಗೇ ಹೋಗಬೇಕು.

ಆದರೆ ಅಮೆರಿಕದ ಹಳೆಯ ಸೇನಾ ತೋಟಾ .30-06ರ ಖಾಲಿ ಕೇಸ್‌ಗೆ ಅಲ್ಲಿ ಬರ ಇಲ್ಲ. ಎರಡೂ ಕೇಸುಗಳ ಬುಡದ ಅಂಚಿನ ಅಡ್ಡಳತೆ ಸುಮಾರು 0.473 ಇಂಚು, ಅಂದರೆ 12 ಮಿಮೀ. ಇದು ತಾನಾಗಿ ಆದ ಹೊಂದಾಣಿಕೆಯಲ್ಲ. .30-06 ತೋಟಾ ಬಳಸುತ್ತಿದ್ದ ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ಮೌಸರ್ ವಿನ್ಯಾಸದಿಂದ ಎಷ್ಟು ಎರವಲು ಪಡೆದಿತ್ತೆಂದರೆ, ಆ ದೇಶದ ಸರ್ಕಾರ ಮೌಸರ್ ಕಂಪನಿಗೆ ರಾಯಲ್ಟಿ ಕೊಡಬೇಕಾಯಿತು. .30-06 ಕೇಸಿನ ಉದ್ದ 63.3 ಮಿಮೀ, ಮೌಸರ್‌ನದು 57. ಉದ್ದದ್ದನ್ನು ಕತ್ತರಿಸಿ ಗಿಡ್ಡ ಮಾಡಬಹುದು. ಈ ಕೆಲಸ ಸಾಧ್ಯವಾಗುವುದು ಅದರಿಂದಲೇ.

ನನ್ನ ರೈಫಲ್ ಯುಗೊಸ್ಲಾವಿಯಾದ ಎಂ48. ಜರ್ಮನಿಯ ಕಾರ್98ಕೆ ಅಥವಾ ಟರ್ಕಿಯ ಮೌಸರ್ ಇರುವವರಿಗೂ ದಾರಿ ಇದೇ.

ಮೊದಲು ಕಾನೂನು

ಭಾರತದಲ್ಲಿ ಓದುತ್ತಿರುವವರಿಗೆ ಇದು ಓದಿಗೆ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿ ಲೈಸೆನ್ಸ್ ಇದ್ದರೆ ಸಾಲದು. ಕೊಡವರಿಗೆ ಕೋವಿ ಇಟ್ಟುಕೊಳ್ಳುವುದಕ್ಕೆ ಇರುವ ವಿನಾಯಿತಿ ಕೂಡ ತೋಟಾ ತಯಾರಿಕೆಗೆ ಅನ್ವಯಿಸುವುದಿಲ್ಲ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಲು ಫೆಡರಲ್ ಲೈಸೆನ್ಸ್ ಬೇಡ. ಮಾರುವುದಾದರೆ ಬೇಕು. ಅಲ್ಲಿರುವ ಕನ್ನಡಿಗರಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಎಚ್-1ಬಿ, ಎಫ್-1ರಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕನ್ನಾಗಲೀ ತೋಟಾವನ್ನಾಗಲೀ ಹೊಂದುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಇಲ್ಲ. ಗೆಳೆಯರ ಜೊತೆ ರೇಂಜಿಗೆ (ಗುಂಡು ಹಾರಿಸುವ ಜಾಗ) ಹೊರಡುವ ಮುಂಚೆ ಇದನ್ನು ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ರಾಜ್ಯದ ನಿಯಮಗಳನ್ನೂ ನೋಡಿಕೊಳ್ಳಿ.

ಬುಡದ ಮೇಲಿನ ಮುದ್ರೆ

ಕೆಲಸ ಶುರು ಮಾಡುವ ಮೊದಲೇ ಈ ಅಪಾಯ ತಲೆಯಲ್ಲಿ ಕೂರಬೇಕು. ಕೇಸನ್ನು ತಿದ್ದಿದರೂ ಬುಡದ ಮೇಲಿನ ".30-06" ಎಂಬ ಅಕ್ಷರ ಹಾಗೇ ಉಳಿಯುತ್ತದೆ. ಲೇಕ್ ಸಿಟಿ ಕಾರ್ಖಾನೆಯ ಸೇನಾ ಕೇಸುಗಳ ಮೇಲೆ "ಎಲ್‌ಸಿ" ಮತ್ತು ವರ್ಷ ಮಾತ್ರ ಇರುತ್ತದೆ, ಕ್ಯಾಲಿಬರ್ ಇರುವುದೇ ಇಲ್ಲ. 8×57 ತೋಟಾ .30-06ಕ್ಕಿಂತ ಗಿಡ್ಡ. ಆದ್ದರಿಂದ ಅದು .30-06 ರೈಫಲಿನ ಚೇಂಬರಿನೊಳಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಹೋಗಬಹುದು, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಕೂಡ ಮುಚ್ಚಬಹುದು. ಆಗ 0.323 ಇಂಚಿನ ಗುಂಡು 0.308 ಇಂಚಿನ ನಳಿಗೆಯೊಳಗೆ ನುಗ್ಗಬೇಕಾಗುತ್ತದೆ. ರೈಫಲ್ ಸಿಡಿಯಬಹುದು.

ಅದಕ್ಕೆ ತಿದ್ದಿದ ಪ್ರತಿ ಕೇಸಿನ ಬುಡಕ್ಕೂ ಅಳಿಸದ ಮಾರ್ಕರಿನಿಂದ ಬಣ್ಣ ಬಳಿಯಿರಿ. ಬೇರೆ ಬಣ್ಣದ ಡಬ್ಬಿಯಲ್ಲಿಟ್ಟು ದೊಡ್ಡದಾಗಿ "8×57, ತಿದ್ದಿದ್ದು" ಅಂತ ಬರೆಯಿರಿ. ಈ ಡಬ್ಬಿ ಒಯ್ದ ದಿನ .30-06 ರೈಫಲ್ ಮನೆಯಲ್ಲೇ ಇರಲಿ. ಇಂಥ ತೋಟಾವನ್ನು ಯಾರಿಗೂ ಕೊಡಬೇಡಿ. ನಾಳೆ ನಾವಿಲ್ಲದಾಗ ಬೇರೆಯವರು ಆ ಡಬ್ಬಿ ತೆರೆಯಬಹುದು, ಅಲ್ವಾ?

ಕೇಸ್ ಆರಿಸುವುದು

ರೇಂಜಿನಲ್ಲಿ ಬಿದ್ದದ್ದನ್ನು ಹೆಕ್ಕುವ ಮೊದಲು ಅಲ್ಲಿನವರನ್ನು ಕೇಳಿ. ಕೆಲವು ಕಡೆ ನೆಲಕ್ಕೆ ಬಿದ್ದ ಹಿತ್ತಾಳೆ ರೇಂಜಿನ ಆಸ್ತಿ. ಒಂದೇ ಕಂಪನಿಯ ಕೇಸುಗಳನ್ನು ಒಟ್ಟಿಗಿಡಿ. ಗೋಡೆಯ ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ. ದಪ್ಪ ಬದಲಾದರೆ ಒಳಗಿನ ಜಾಗ ಬದಲಾಗುತ್ತದೆ, ಜಾಗ ಬದಲಾದರೆ ಒತ್ತಡ ಬದಲಾಗುತ್ತದೆ.

ಪೇಪರ್ ಕ್ಲಿಪ್ಪಿನ ತುದಿಯನ್ನು ಸ್ವಲ್ಪ ಬಗ್ಗಿಸಿ ಕೇಸಿನ ಒಳಗೆ ಬಿಟ್ಟು ಬುಡದ ಹತ್ತಿರ ಗೋಡೆಯನ್ನು ಕೆರೆಯುತ್ತಾ ಮೇಲೆ ಎಳೆಯಿರಿ. ಸುತ್ತಲೂ ತಗ್ಗು ಇದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಕೇಸ್ ಮುಂದಿನ ಹೊಡೆತಕ್ಕೆ ಎರಡು ತುಂಡಾಗಬಹುದು, ಎಸೆಯಿರಿ. ಕತ್ತಿನಲ್ಲಿ (ಗುಂಡು ಕೂರುವ ಕಿರಿದಾದ ತುದಿ) ಬಿರುಕಿದ್ದರೂ ಎಸೆಯಿರಿ. ಸೇನಾ ಕೇಸುಗಳಲ್ಲಿ ಪ್ರೈಮರ್ ಕುಳಿಯ ಅಂಚನ್ನು ಒಳಕ್ಕೆ ಒತ್ತಿರುತ್ತಾರೆ. ಆ ಕ್ರಿಂಪನ್ನು ರೀಮರಿನಿಂದ ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಹಳೆಯ ಪ್ರೈಮರ್ ತೆಗೆದು, ಟಂಬ್ಲರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ.

ಕತ್ತರಿಸಿ, ಮೆತ್ತಗೆ ಮಾಡಿ, ಒತ್ತಿ

ಒಂದೇ ಸಲ 57 ಮಿಮೀಗೆ ಕತ್ತರಿಸಬೇಡಿ. ಮೊದಲು 58ಕ್ಕೆ ಕತ್ತರಿಸಿ. ಚಿಕ್ಕ ಕಟ್-ಆಫ್ ಗರಗಸ ಇದ್ದರೆ ಬೇಗ ಆಗುತ್ತದೆ. ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡು ಸಾಕು, ಆದರೆ ಕೇಸ್ ಅಲ್ಲಾಡದಂತೆ ಹಿಡಿಯುವ ಒಂದು ಜಿಗ್ ಮಾಡಿಕೊಳ್ಳಿ. ಬಾಯಿಯ ಒಳಗೂ ಹೊರಗೂ ಚೂಪನ್ನು ತೆಗೆಯಿರಿ. ಹಿತ್ತಾಳೆಯ ಪುಡಿ ಒಳಗೆ ಉಳಿಯಬಾರದು.

ತೋಟಾದ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಬಗ್ಗಿಸಿದಷ್ಟೂ ಅದು ಗಟ್ಟಿಯಾಗುತ್ತದೆ, ಕೊನೆಗೆ ಬಿರಿಯುತ್ತದೆ. ಮತ್ತೆ ಮೆತ್ತಗೆ ಮಾಡಲು ಕತ್ತು ಮತ್ತು ಹೆಗಲಿಗೆ (ಕತ್ತಿನ ಕೆಳಗಿನ ಇಳಿಜಾರು) ಮಾತ್ರ ಕಾವು ಕೊಡಬೇಕು. ಕೇಸನ್ನು ಡ್ರಿಲ್ಲಿಗೆ ಸಿಕ್ಕಿಸಿದ ಸಾಕೆಟಿನಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಪ್ರೊಪೇನ್ ಜ್ವಾಲೆಗೆ ಹಿಡಿಯಿರಿ. ಕೋಣೆಯಲ್ಲಿ ಬೆಳಕು ಕಡಿಮೆ ಇರಲಿ. ಮಂದ ಕೆಂಪು ಕಾಣಲು ಶುರುವಾದ ಕ್ಷಣವೇ ಜ್ವಾಲೆಯಿಂದ ತೆಗೆಯಿರಿ. ಕಾವನ್ನು ಅಂದಾಜಿಗೆ ಬಿಡಲು ಇಷ್ಟವಿಲ್ಲದಿದ್ದರೆ ಟೆಂಪಿಲಾಕ್ ಸಿಗುತ್ತದೆ. ಅದು ಗೊತ್ತಾದ ಉಷ್ಣತೆಯಲ್ಲಿ ಕರಗುವ ಬಣ್ಣ. 400 ಡಿಗ್ರಿ ಸೆಲ್ಸಿಯಸ್‌ನದನ್ನು ಕತ್ತಿನ ಒಳಗೆ ಹಚ್ಚಿ ನೋಡಿ.

ಬುಡಕ್ಕೆ ಮಾತ್ರ ಕಾವು ತಾಗಲೇಬಾರದು. ಗುಂಡು ಹಾರುವಾಗ ಪೂರ್ತಿ ಒತ್ತಡ ತಡೆಯುವುದು ಗಟ್ಟಿ ಬುಡ. ಅದು ಮೆತ್ತಗಾದ ಕೇಸ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಮುಖದ ಹತ್ತಿರ ಬಿಸಿ ಅನಿಲ ಉಗುಳುತ್ತದೆ. ಅನುಮಾನ ಬಂದ ಕೇಸನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಗುಜರಿಗೆ ಹಾಕಿ.

ಈಗ ಡೈ. 8×57 ಫುಲ್ ಲೆಂತ್ ಸೈಜಿಂಗ್ ಡೈ (ಇಡೀ ಕೇಸನ್ನು ಅಳತೆಗೆ ಒತ್ತುವ ಡೈ) ಒಂದೇ ಸಾಕು. .30-06 ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರೇ ಇದಕ್ಕೂ ಆಗುತ್ತದೆ. ಕೇಸಿನ ಮೈಗೆ ಸೈಜಿಂಗ್ ವ್ಯಾಕ್ಸನ್ನು ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಸವರಿ. ಕಡಿಮೆಯಾದರೆ ಕೇಸ್ ಡೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಸ್ತಿಯಾದರೆ ಹೆಗಲಿನ ಮೇಲೆ ಗುಳಿ ಬೀಳುತ್ತದೆ. ಅರ್ಧ ಒತ್ತಿ, ಹಿಂದೆ ತೆಗೆದು, ಸ್ವಲ್ಪ ತಿರುಗಿಸಿ, ಮತ್ತೆ ಒತ್ತಿ. ಹೆಗಲು ಹಿಂದಕ್ಕೆ ಸರಿಯುವುದು ಕೈಗೇ ಗೊತ್ತಾಗುತ್ತದೆ.

ಡೈಯನ್ನು ಎಷ್ಟು ಇಳಿಸಬೇಕು? ಪುಸ್ತಕದ ಅಳತೆಗಿಂತ ನಿಮ್ಮ ರೈಫಲಿನ ಚೇಂಬರೇ ಇಲ್ಲಿ ಪ್ರಮಾಣ. ಬೋಲ್ಟಿನಿಂದ ಫೈರಿಂಗ್ ಪಿನ್ ಬಿಚ್ಚಿಡಿ. ಖಾಲಿ ಕೇಸ್ ಹಾಕಿ ಬೋಲ್ಟ್ ಮುಚ್ಚಿ ನೋಡಿ. ಮುಚ್ಚದಿದ್ದರೆ ಡೈಯನ್ನು ಕೂದಲೆಳೆಯಷ್ಟು ಇಳಿಸಿ ಮತ್ತೆ ಒತ್ತಿ. ಕೊನೆಯಲ್ಲಿ ಚೂರು ಬಿಗಿ ಅನ್ನಿಸಿ ಮುಚ್ಚಿತು ಅಂದರೆ ಅಲ್ಲೇ ನಿಲ್ಲಿಸಿ, ಡೈಯ ರಿಂಗನ್ನು ಬಿಗಿ ಮಾಡಿ. ಹೆಗಲನ್ನು ಜಾಸ್ತಿ ಹಿಂದಕ್ಕೆ ತಳ್ಳಿದರೆ ಕೇಸ್ ಚೇಂಬರಿನಲ್ಲಿ ಸಡಿಲವಾಗಿ ಕೂರುತ್ತದೆ. ಹೊಡೆದಾಗ ಬುಡದ ಹತ್ತಿರ ಹಿಗ್ಗಿ ತೆಳ್ಳಗಾಗುತ್ತದೆ. ಕೊನೆಗೆ ಟ್ರಿಮ್ಮರಿನಲ್ಲಿ ಉದ್ದವನ್ನು 2.235 ಇಂಚಿಗೆ, ಅಂದರೆ 56.8 ಮಿಮೀಗೆ ತನ್ನಿ.

ಕತ್ತಿನ ದಪ್ಪ

ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಅಳತೆ ಇಲ್ಲ.

ಹೊಸ ಕತ್ತಿನ ಕೆಳಭಾಗ ಹಿಂದೆ .30-06ರ ಹೆಗಲಾಗಿತ್ತು. ಅಗಲವಾಗಿದ್ದ ಲೋಹವನ್ನು ಕಿರಿದು ಮಾಡಿದಾಗ ಗೋಡೆ ದಪ್ಪವಾಗುತ್ತದೆ. ದಪ್ಪ ಕತ್ತಿಗೆ ಗುಂಡು ಕೂರಿಸಿದರೆ ಹೊರಗಿನ ಅಳತೆ ಹೆಚ್ಚಾಗುತ್ತದೆ. ಚೇಂಬರಿನ ಗೋಡೆಗೆ ಅದು ಒತ್ತಿಕೊಂಡರೆ ಗುಂಡು ಬಿಡುವಾಗ ಕತ್ತು ಹಿಗ್ಗಲು ಜಾಗ ಇರುವುದಿಲ್ಲ. ಗುಂಡು ಸಿಕ್ಕಿಕೊಂಡಂತಾಗಿ ಒತ್ತಡ ಏರಿಬಿಡುತ್ತದೆ. ಎರಕದ ಗುಂಡು (ಸೀಸ ಕರಗಿಸಿ ನಾವೇ ಎರೆದದ್ದು) ಫ್ಯಾಕ್ಟರಿ ಗುಂಡಿಗಿಂತ ದಪ್ಪ ಇರುವುದರಿಂದ ಜಾಗ ಇನ್ನೂ ಕಡಿಮೆ.

ಪರೀಕ್ಷೆ ಸುಲಭ. ನಿಮ್ಮ ರೈಫಲಿನಲ್ಲೇ ಹೊಡೆದ 8×57 ಫ್ಯಾಕ್ಟರಿ ಕೇಸಿನ ಕತ್ತನ್ನು ಹೊರಗಿನಿಂದ ಅಳೆಯಿರಿ. ಆಮೇಲೆ ತಿದ್ದಿದ ಕೇಸಿಗೆ ಮದ್ದು, ಪ್ರೈಮರ್ ಎರಡೂ ಇಲ್ಲದೆ ಎರಕದ ಗುಂಡು ಕೂರಿಸಿ ಅದನ್ನೂ ಅಳೆಯಿರಿ. ಎರಡನೆಯದು ಕಡೇ ಪಕ್ಷ 0.003 ಇಂಚು ಸಣ್ಣದಿರಬೇಕು. ಇಲ್ಲದಿದ್ದರೆ ನೆಕ್ ಟರ್ನರಿನಿಂದ ಹೊರಗೆ ಕೆತ್ತಿ, ಅಥವಾ ರೀಮರಿನಿಂದ ಒಳಗೆ ಕೆತ್ತಿ. ಹೊರಗೆ ಕೆತ್ತುವುದೇ ನನಗೆ ಇಷ್ಟ, ಗೋಡೆ ಸುತ್ತಲೂ ಸಮ ಬರುತ್ತದೆ. ಮೊದಲ ಸಲ ಹೊಡೆದಾದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ: ಆ ಖಾಲಿ ಕತ್ತಿನೊಳಗೆ ಹೊಸ ಗುಂಡು ಬೆರಳಿನಿಂದಲೇ ಸಲೀಸಾಗಿ ಜಾರಬೇಕು. ಜಾರದಿದ್ದರೆ ಉಳಿದ ತೋಟಾಗಳನ್ನು ಹೊಡೆಯಬೇಡಿ.

ನಳಿಗೆ ಅಳೆದು ಗುಂಡು ಎರೆಯುವುದು

8 ಎಂಎಂ ಮೌಸರಿನಲ್ಲಿ ಎರಡು ಕಾಲದ ನಳಿಗೆಗಳಿವೆ. 1888ರ ಮೂಲ ಅಳತೆಗೆ 0.318 ಇಂಚಿನ ಗುಂಡು. 1905ರಲ್ಲಿ ಜರ್ಮನ್ ಸೇನೆ ಚೂಪು ಮೂತಿಯ 0.323 ಇಂಚಿನ ಗುಂಡಿಗೆ ಬದಲಾಯಿತು. ಹಳೆಯ ನಳಿಗೆಗಳ ಭಯದಿಂದಲೇ ಅಮೆರಿಕದ ತೋಟಾ ಉದ್ಯಮದ ಮಾನದಂಡ ಈ ತೋಟಾಕ್ಕೆ 35,000 ಪಿಎಸ್‌ಐಯ (ಚದರ ಇಂಚಿಗೆ ಪೌಂಡ್) ಸೌಮ್ಯ ಒತ್ತಡದ ಮಿತಿ ಇಟ್ಟಿದೆ. ನಿಮ್ಮದು ಯಾವುದು ಅಂತ ಹೆಸರು ನೋಡಿ ತೀರ್ಮಾನಿಸಬೇಡಿ, ಅಳೆಯಿರಿ. ಶುದ್ಧ ಸೀಸದ ತುಂಡಿಗೆ ಎಣ್ಣೆ ಹಚ್ಚಿ, ಖಾಲಿ ನಳಿಗೆಯೊಳಗೆ ಮರದ ಕಡ್ಡಿಯಿಂದ ಮೆಲ್ಲಗೆ ಬಡಿದು ಹೊರತೆಗೆಯಿರಿ. ಅದರ ಮೇಲೆ ಮೂಡಿದ ಅತಿ ಅಗಲದ ಭಾಗವನ್ನು ಮೈಕ್ರೊಮೀಟರಿನಿಂದ ಅಳೆಯಿರಿ. ಎರಕದ ಗುಂಡು ಅದಕ್ಕಿಂತ 0.001ರಿಂದ 0.002 ಇಂಚು ದಪ್ಪ ಇರಬೇಕು. ನಳಿಗೆ 0.324 ಇದ್ದರೆ ಗುಂಡು 0.325 ಅಥವಾ 0.326.

ಗುಂಡಿನ ಗಟ್ಟಿತನದ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಅಳತೆಯೇ ಮುಖ್ಯ. ನಳಿಗೆಗೆ ಸರಿಯಾಗಿ ಕೂರುವ ಮೆತ್ತನೆ ಗುಂಡು, ಸಡಿಲವಾದ ಗಟ್ಟಿ ಗುಂಡಿಗಿಂತ ಚೆನ್ನಾಗಿ ಹೋಗುತ್ತದೆ. ಶುದ್ಧ ಸೀಸದ ಗಟ್ಟಿತನ ಬ್ರಿನೆಲ್ ಅಳತೆಯಲ್ಲಿ 5. ಹಳೆಯ ಕಾರ್ ಚಕ್ರದ ತೂಕದ ಸೀಸ ಸುಮಾರು 12. ಲೈಮನ್ ನಂಬರ್ 2 ಎಂಬ ಮಿಶ್ರಣದಲ್ಲಿ 90 ಪಾಲು ಸೀಸ, 5 ತವರ, 5 ಆಂಟಿಮನಿ ಇರುತ್ತದೆ, ಗಟ್ಟಿತನ ಸುಮಾರು 15. ಸೌಮ್ಯ ವೇಗಕ್ಕೆ ಕಡೆಯ ಎರಡರಲ್ಲಿ ಯಾವುದಾದರೂ ಸಾಕು. ಚಕ್ರದ ತೂಕ ಕರಗಿಸುವಾಗ ಸತುವಿನ ತುಂಡುಗಳನ್ನು ಬೇರೆ ಮಾಡಿ. ಸೀಸ 327 ಡಿಗ್ರಿಗೆ ಕರಗುತ್ತದೆ, ಸತು 419ಕ್ಕೆ. ಪಾತ್ರೆಯನ್ನು 400 ದಾಟಲು ಬಿಡದಿದ್ದರೆ ಸತು ಕರಗದೆ ತೇಲುತ್ತದೆ, ಚಮಚದಿಂದ ತೆಗೆಯಬಹುದು. ಬೆರೆತರೆ ಅಚ್ಚು ಸರಿಯಾಗಿ ತುಂಬುವುದಿಲ್ಲ.

ಕರಗಿದ ಸೀಸದ ಹತ್ತಿರ ನೀರು ಬರಲೇಬಾರದು. ಒಂದು ಹನಿ ಒಳಗೆ ಹೋದರೂ ಆವಿಯಾಗಿ ಸೀಸವನ್ನು ಚಿಮ್ಮಿಸುತ್ತದೆ. ಒದ್ದೆ ಲೋಹದ ತುಂಡು, ಬೆವರ ಹನಿ ಎರಡಕ್ಕೂ ಇದೇ ಮಾತು. ಹೊರಗೆ ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಹತ್ತಿ ಬಟ್ಟೆ, ಚರ್ಮದ ಕೈಗವಸು, ಕನ್ನಡಕ, ಮುಚ್ಚಿದ ಬೂಟು ಇರಲಿ. ಮಕ್ಕಳು, ಗರ್ಭಿಣಿಯರು ಆ ಜಾಗಕ್ಕೆ ಬರಬಾರದು. ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬೇಡಿ, ಇದಕ್ಕೆ ಬಳಸಿದ್ದನ್ನು ಅಡುಗೆಮನೆಗೆ ಒಯ್ಯಬೇಡಿ. ಕೆಲಸದ ನಡುವೆ ತಿನ್ನುವುದು ಕುಡಿಯುವುದು ಬೇಡ.

ಲೀ ಕಂಪನಿಯ 175 ಗ್ರೇನ್ ಅಚ್ಚು ಈ ಕ್ಯಾಲಿಬರಿಗೆ ಒಳ್ಳೆಯ ಆರಂಭ, ಗುಂಡು 11.3 ಗ್ರಾಂ ಆಸುಪಾಸು ಬರುತ್ತದೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೇಲೆ ಸುಕ್ಕು ಬೀಳುತ್ತದೆ. ತೀರಾ ಬಿಸಿಯಾದರೆ ಮೇಲ್ಮೈ ಮಂಜು ಕವಿದಂತೆ ಮಂಕಾಗುತ್ತದೆ. ಮಂಕಾದದ್ದು ಪರವಾಗಿಲ್ಲ, ಸುಕ್ಕಾದದ್ದು ಮತ್ತೆ ಪಾತ್ರೆಗೆ. ಮೂತಿಯ ಸಣ್ಣ ದೋಷಕ್ಕಿಂತ ತಳದ ದೋಷ ಕೆಟ್ಟದ್ದು. ನಳಿಗೆಯ ತುದಿ ಬಿಡುವಾಗ ಅನಿಲ ತಳ್ಳುವುದು ತಳವನ್ನು, ಅಂಚು ಸುತ್ತಲೂ ಚೂಪಾಗಿ ಸಮ ಇರಬೇಕು. ಆಮೇಲೆ ತಳಕ್ಕೆ ತಾಮ್ರದ ಗ್ಯಾಸ್ ಚೆಕ್ (ಬಿಸಿ ಅನಿಲದಿಂದ ತಳವನ್ನು ಕಾಯುವ ಸಣ್ಣ ಬಟ್ಟಲು) ಹಾಕಿ, ಲ್ಯೂಬ್ (ಜಾರಿಸುವ ಮೇಣ) ತುಂಬಿ, ಬೇಕಾದ ಅಳತೆಯ ಸೈಜರಿನಲ್ಲಿ ತಳ್ಳಿ.

ತುಂಬುವುದು

ಮದ್ದಿನ ತೂಕವನ್ನು ಇಲ್ಲಿ ಬೇಕಂತಲೇ ಕೊಟ್ಟಿಲ್ಲ. ಮದ್ದಿನ ಕಂಪನಿ ಅಥವಾ ಹೆಸರಾಂತ ಕೈಪಿಡಿ ಎರಕದ ಗುಂಡಿಗೆ ಕೊಟ್ಟ ಆರಂಭದ ತೂಕವನ್ನೇ ತೆಗೆದುಕೊಳ್ಳಿ. ತಿದ್ದಿದ ಕೇಸಿನ ಗೋಡೆ ದಪ್ಪ, ಒಳಗೆ ಜಾಗ ಕಡಿಮೆ, ಆದ್ದರಿಂದ ಆರಂಭದ ತೂಕವನ್ನು ದಾಟಿ ಶುರು ಮಾಡಬೇಡಿ. ಅಂತರ್ಜಾಲದಲ್ಲಿ ಯಾರೋ ಬರೆದ ಅಂಕಿ ನಿಮ್ಮ ರೈಫಲಿಗೆ ಅಲ್ಲ.

ಎರಕದ ಗುಂಡಿಗೆ ಹಾಕುವ ಮದ್ದು ಕೇಸಿನ ಸ್ವಲ್ಪ ಭಾಗವನ್ನಷ್ಟೇ ತುಂಬುತ್ತದೆ. ಎರಡು ಸಲ ಬಿದ್ದರೂ ಚೆಲ್ಲುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಎಲ್ಲ ಕೇಸುಗಳನ್ನೂ ಬ್ಲಾಕಿನಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ಮಟ್ಟ ನೋಡಿ. ಆಮೇಲೆಯೇ ಗುಂಡು ಕೂರಿಸಿ. ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಡಬ್ಬಿ ಇರಲಿ. ಮಾತಾಡುತ್ತಾ ಈ ಕೆಲಸ ಮಾಡಬೇಡಿ.

ಕೇಸಿನ ಬಾಯಿಯನ್ನು ಎಂ ಡೈಯಿಂದ ಚೂರು ಅರಳಿಸಿ, ಇಲ್ಲದಿದ್ದರೆ ಅಂಚು ಸೀಸವನ್ನು ಹೆರೆಯುತ್ತದೆ. ಗುಂಡಿನ ಮೂತಿ ನಳಿಗೆಯ ರೈಫ್ಲಿಂಗಿಗೆ (ಒಳಗಿನ ಸುರುಳಿ ಗೆರೆಗಳು) ಲಘುವಾಗಿ ತಾಗುವಷ್ಟು ಹೊರಗೆ ಕೂರಿಸಿ. ಹೀಗೆ ಮಾಡಿದರೆ ಕೇಸ್ ಹಿಂದಕ್ಕೆ ಬೋಲ್ಟಿಗೆ ಒತ್ತಿಕೊಂಡು ನಿಲ್ಲುತ್ತದೆ. ಸೌಮ್ಯ ಹೊಡೆತದಲ್ಲಿ ಹೆಗಲು ಹಿಂದಕ್ಕೆ ಸರಿಯುವ ತೊಂದರೆಯೂ ಕಡಿಮೆಯಾಗುತ್ತದೆ.

ರೇಂಜಿನಲ್ಲಿ

ಹೋಗುವ ಮೊದಲು ನಳಿಗೆಯಲ್ಲಿರುವ ತಾಮ್ರವನ್ನು ಪೂರ್ತಿ ತೆಗೆಯಿರಿ. ಫ್ಯಾಕ್ಟರಿ ಗುಂಡು ಬಿಟ್ಟ ತಾಮ್ರದ ಮೇಲೆ ಸೀಸ ಬೇಗ ಅಂಟುತ್ತದೆ, ಗುಂಪು (ಗುರಿಯ ಕಾಗದದ ಮೇಲೆ ಬಿದ್ದ ತೂತುಗಳ ಗುಚ್ಛ) ಚದುರುತ್ತದೆ. ಸಾಲ್ವೆಂಟಿನ ಪ್ಯಾಚ್ ನೀಲಿ ಬಣ್ಣ ಬಿಡುವುದು ನಿಲ್ಲುವವರೆಗೆ ಒರೆಸಿ, ಆಮೇಲೆ ಒಣಗಿಸಿ. ಕೆಲವು ಒಳಾಂಗಣ ರೇಂಜುಗಳು ಬರೀ ಸೀಸದ ಗುಂಡು ಬಿಡಗೊಡುವುದಿಲ್ಲ, ಮೊದಲೇ ಕೇಳಿ.

ಕನ್ನಡಕ, ಕಿವಿಗೆ ರಕ್ಷಣೆ ಹಾಕಿಕೊಳ್ಳಿ. "ಸೀಸ್ ಫೈರ್" (ಹೊಡೆಯುವುದು ನಿಲ್ಲಿಸಿ) ಅಂದ ಕೂಡಲೇ ಬೋಲ್ಟ್ ತೆರೆದು, ಚೇಂಬರಿಗೆ ಫ್ಲ್ಯಾಗ್ (ಖಾಲಿ ಇದೆ ಎಂದು ತೋರಿಸುವ ಗುರುತು) ಹಾಕಿ, ರೈಫಲಿನಿಂದ ದೂರ ಸರಿಯಿರಿ. ಪರೀಕ್ಷೆಯ ತೋಟಾವನ್ನು ಒಂದೊಂದಾಗಿ ಹಾಕಿ. ಸದ್ದು ಕ್ಷೀಣವಾಗಿ ಕೇಳಿದರೆ ಮುಂದಿನದನ್ನು ಹಾಕಬೇಡಿ. ಗುಂಡು ನಳಿಗೆಯೊಳಗೇ ನಿಂತಿರಬಹುದು, ಬೋಲ್ಟ್ ತೆಗೆದು ಹಿಂದಿನಿಂದ ಬೆಳಕು ಕಾಣುತ್ತದಾ ನೋಡಿ. ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರದಿದ್ದರೆ ರೈಫಲನ್ನು ಗುರಿಯತ್ತಲೇ ಹಿಡಿದು ಕಡೇ ಪಕ್ಷ ಅರ್ಧ ನಿಮಿಷ ಕಾಯಿರಿ.

50 ಗಜದಿಂದ ಶುರು ಮಾಡಿ. ಮುಂದೆ ಹಿಂದೆ ಮರಳಿನ ಚೀಲ ಇಟ್ಟು, ಪ್ರತಿ ಸಲ ರೈಫಲಿನ ಮುಂದಿನ ಕಟ್ಟಿಗೆಯ ಅದೇ ಜಾಗ ಚೀಲದ ಮೇಲೆ ಬರುವಂತೆ ನೋಡಿಕೊಳ್ಳಿ. ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಣ ನಳಿಗೆಗೆ ಲ್ಯೂಬ್ ಹತ್ತಬೇಕು. ಸೇನಾ ಸೈಟುಗಳನ್ನು ದೂರದ ಗುರಿಗೆ ಮಾಡಿರುತ್ತಾರೆ. ಗುಂಡುಗಳು ಎಲ್ಲಿ ಬಿದ್ದವು ಅನ್ನೋದು ಈಗ ಮುಖ್ಯ ಅಲ್ಲ, ಎಷ್ಟು ಒತ್ತಾಗಿ ಬಿದ್ದವು ಅನ್ನೋದನ್ನು ನೋಡಿ. ಕ್ರೊನೊಗ್ರಾಫ್ ಇದ್ದರೆ ವೇಗ ಬರೆದುಕೊಳ್ಳಿ. ಸೆಕೆಂಡಿಗೆ 1,600ರಿಂದ 1,800 ಅಡಿ ವೇಗದಲ್ಲಿ ಗ್ಯಾಸ್ ಚೆಕ್ ಇರುವ ಗುಂಡು ನೆಮ್ಮದಿಯಾಗಿ ಹೋಗುತ್ತದೆ.

ಮೂರು ಗುಂಡಿನ ಗುಂಪು ನೋಡಿ ಖುಷಿಪಡಬೇಡಿ. ಅದೇ ರೈಫಲ್, ಅದೇ ತೋಟಾ, ಗುಂಡು ಬೀಳುವುದರಲ್ಲಿ ಸಹಜ ಚದುರುವಿಕೆ ಮಾತ್ರ ಇದ್ದರೂ ಹತ್ತು ಗುಂಡಿನ ಗುಂಪು ಸರಾಸರಿಯಲ್ಲಿ ಮೂರರ ಗುಂಪಿಗಿಂತ ಒಂದೂವರೆ ಪಟ್ಟಿಗೂ ಸ್ವಲ್ಪ ದೊಡ್ಡದು. ಮೂರರಲ್ಲಿ 2 ಇಂಚು ಬಂದದ್ದು ಹತ್ತರಲ್ಲಿ 3 ಇಂಚು ದಾಟುತ್ತದೆ. ಎರಡು ಬಗೆಯ ತೋಟಾ ಹೋಲಿಸಬೇಕಾದರೆ ಎರಡರಿಂದಲೂ ಹತ್ತು ಹತ್ತು ಹೊಡೆಯಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದು, ಗುಂಡಿನ ಅಳತೆ, ಲ್ಯೂಬ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ಕಾಗದದ ತೂತುಗಳನ್ನು ಹತ್ತಿರದಿಂದ ನೋಡಿ. ಉರುಟಾಗಿರದೆ ಉದ್ದುದ್ದ ಇದ್ದರೆ ಗುಂಡು ಅಡ್ಡವಾಗಿ ತೂರಾಡುತ್ತಿದೆ. ಹೆಚ್ಚಿನ ಸಲ ಅದು ನಳಿಗೆಗಿಂತ ಸಣ್ಣ ಗುಂಡಿನ ಲಕ್ಷಣ. ಗುಂಪು ಶುರುವಿನಲ್ಲಿ ಚೆನ್ನಾಗಿದ್ದು ಹೋಗ್ತಾ ಹೋಗ್ತಾ ಅಗಲವಾದರೆ ನಳಿಗೆಯಲ್ಲಿ ಸೀಸ ಅಂಟುತ್ತಿದೆ. ಎಲ್ಲಿ ಅಂಟಿದೆ ಅಂತ ನೋಡಿ. ಚೇಂಬರಿನ ಹತ್ತಿರ ಇದ್ದರೆ ಗುಂಡು ಸಣ್ಣದು, ಬಿಸಿ ಅನಿಲ ಪಕ್ಕದಿಂದ ನುಸುಳುತ್ತಿದೆ. ತುದಿಯ ಹತ್ತಿರ ಇದ್ದರೆ ಲ್ಯೂಬ್ ಅಲ್ಲಿಗೆ ಮುಟ್ಟುವ ಮೊದಲೇ ಮುಗಿಯುತ್ತಿದೆ.

ಹೊಡೆದ ಕೇಸುಗಳನ್ನು ಅಲ್ಲೇ ಒಂದೊಂದಾಗಿ ನೋಡಿ. ಕತ್ತಿನ ಮೇಲೆ ಮಸಿ ಇದ್ದರೆ ಒತ್ತಡ ಕಡಿಮೆ ಅಂತ ಅರ್ಥ, ಅಪಾಯ ಇಲ್ಲ. ಪ್ರೈಮರ್ ಸ್ವಲ್ಪ ಹೊರಗೆ ಬಂದಿದ್ದರೆ ಕೇಸ್ ಸಡಿಲವಾಗಿ ಕೂತಿದೆ, ಡೈಯನ್ನು ಚೂರು ಮೇಲೆತ್ತಬೇಕು. ಬೋಲ್ಟ್ ಎತ್ತಲು ಬಿಗಿಯಾದರೆ, ಪ್ರೈಮರಿನ ಅಂಚು ಪೂರ್ತಿ ಚಪ್ಪಟೆಯಾಗಿದ್ದರೆ, ಬುಡದ ಹತ್ತಿರ ಹೊಳೆಯುವ ಗೆರೆ ಕಂಡರೆ ಅಂದಿನ ಪರೀಕ್ಷೆ ಅಲ್ಲಿಗೇ ನಿಲ್ಲಲಿ. ಉಳಿದ ತೋಟಾಗಳನ್ನು ಮನೆಗೆ ತಂದು ಗುಂಡು ಕಿತ್ತು ಬಿಚ್ಚಿ.

50 ಗಜದಲ್ಲಿ ಗುಂಪು ನಂಬುವ ಹಾಗಾದ ಮೇಲೆ 100ಕ್ಕೆ ಹೋಗಿ. ತೆರೆದ ಸೈಟಿನ ಹಳೆಯ ಸೇನಾ ಮೌಸರ್ 100 ಗಜದಲ್ಲಿ ಹತ್ತು ಎರಕದ ಗುಂಡುಗಳನ್ನು 4 ಇಂಚಿನೊಳಗೆ ಇಟ್ಟರೆ ನಾನು ಆ ತೋಟಾವನ್ನು ಒಪ್ಪುತ್ತೇನೆ. ಮದ್ದಿನ ಹೆಸರು, ತೂಕ, ಗುಂಡಿನ ಅಳತೆ, ಕೇಸ್ ಎಷ್ಟನೇ ಸಲ ತುಂಬಿದ್ದು, ಅಂದಿನ ಸೆಕೆ ಚಳಿ ಎಲ್ಲವನ್ನೂ ಗುರಿಯ ಕಾಗದದ ಮೇಲೇ ಬರೆದು ಫೈಲಿಗೆ ಹಾಕಿ. ರೇಂಜ್ ಬಿಡುವ ಮೊದಲು ಕೈ ಮುಖ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ, ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ಮುಂದಿನ ಸಲ ತುಂಬುವ ಮೊದಲು ಕೇಸಿನ ಉದ್ದವನ್ನು ಮತ್ತೆ ಅಳೆಯಿರಿ. ಕೆಲವು ಸಲ ತುಂಬಿ ಹೊಡೆದ ಮೇಲೆ ಕತ್ತಿಗೆ ಇನ್ನೊಮ್ಮೆ ಕಾವು ಕೊಡಿ.